ಸೈಲೆನ್ಸರಿಗೂ ಒಂದು ಸ್ವಿಚ್ಚು

ಮೊದಲೆಲ್ಲ ಗ್ಯಾರೇಜಿಗೆ ಬರುವ ಹುಡುಗರು ‘ಕಾಕಾ, ಸೌಂಡ್ ಎಷ್ಟ್ ಬರ್ತದ್ರಿ?’ ಅಂತ ಕೇಳುತ್ತಿದ್ದರು. ಈಗಿನವರ ಪ್ರಶ್ನೆ ಬೇರೆ: ‘ಕಾಕಾ, ಬೇಕಾದಾಗ ಬಂದ್ ಮಾಡ್ಲಿಕ್ಕಿ ಬರ್ತದೇನ್ರಿ?’ ಅಫಜಲಪುರದಲ್ಲಿ ಟೂವ್ಹೀಲರ್ ಗ್ಯಾರೇಜು ಇಟ್ಟುಕೊಂಡು ಕೂತಿರುವ ನನಗೆ ಈ ಎರಡನೇ ಪ್ರಶ್ನೆಯೇ ಹೆಚ್ಚು ಕಾಡುತ್ತದೆ. ಸದ್ದು ಬಂದ್ ಮಾಡುವ ಅನುಕೂಲ ಬೇಕೆನ್ನುವವನು, ತನ್ನ ಗಾಡಿಯ ಸದ್ದು ಮಂದಿಗೆ ಆಗಿಬರುವುದಿಲ್ಲ ಎಂಬುದನ್ನು ದುಡ್ಡು ಕೊಡುವ ಮೊದಲೇ ಒಪ್ಪಿಕೊಂಡಿರುತ್ತಾನೆ. ಹಾಗಾದರೆ ಅವನು ಬಂದ್ ಮಾಡುವುದು ಯಾರಿಗೋಸ್ಕರ?

ವಸ್ತು ಎಂಥದ್ದು ಎಂದು ಮೊದಲು ಹೇಳಿಬಿಡುತ್ತೇನೆ. ಪಂಜಾಬ್, ಇಂದೋರಿ, ಡಾಲ್ಫಿನ್ ಎಂದೆಲ್ಲ ಹೆಸರಿಟ್ಟುಕೊಂಡು ಬುಲೆಟ್ಟಿಗೆ ಬರುವ ಸೈಲೆನ್ಸರುಗಳು ಹಳೆಯ ಕಥೆ. ಅವು ಒಮ್ಮೆ ಬಾಯಿ ತೆರೆದರೆ ಮುಚ್ಚುವುದಿಲ್ಲ. ಹೊಸದಾಗಿ ಬಂದದ್ದು ‘ಡಿಬಿ ಕಿಲ್ಲರ್’. ಸಣ್ಣ ಸಣ್ಣ ತೂತು ಕೊರೆದ ಒಂದು ಗಿಡ್ಡ ಕೊಳವೆ. ಸೈಲೆನ್ಸರಿನ ಬಾಯಿಯೊಳಗೆ ಅದನ್ನು ತಳ್ಳಿ, ಕೆಳಗಿನಿಂದ ಒಂದೇ ಒಂದು ಸ್ಕ್ರೂ ಬಿಗಿಯುತ್ತಾರೆ. ಅಲೆನ್ ಕೀ ಹಾಕಿ ಸ್ಕ್ರೂ ಸಡಿಲಿಸಿ ಇಕ್ಕಳದಿಂದ ಎಳೆದರೆ ಮಸಿ ಮೆತ್ತಿಕೊಂಡ ಕೊಳವೆ ಕೈಗೆ ಬರುತ್ತದೆ, ಬೈಕು ಗುಡುಗಲು ಶುರುಮಾಡುತ್ತದೆ. ಚಹಾ ಆರುವುದರೊಳಗೆ ಮುಗಿಯುವ ಕೆಲಸ. ಇನ್ನೂ ಕೈ ಬಿಚ್ಚಿ ಖರ್ಚು ಮಾಡುವವರಿಗೆ ಮೋಟರ್ ಇರುವ ವಾಲ್ವ್ ಇದೆ: ಪೈಪಿನ ನಡುವೆ ತಿರುಗುವ ಒಂದು ಬಿಲ್ಲೆ, ಹ್ಯಾಂಡಲ್ ಮೇಲೆ ಒಂದು ಬಟನ್. ಒತ್ತಿದರೆ ಹೊಗೆ ನೇರ ದಾರಿ ಹಿಡಿಯುತ್ತದೆ, ಮತ್ತೆ ಒತ್ತಿದರೆ ಸೈಲೆನ್ಸರಿನ ಹೊಟ್ಟೆಯೊಳಗಿಂದ ಸುತ್ತಿ ಬರುತ್ತದೆ.

ನಮ್ಮ ಹುಡುಗರು ಈ ಕೊಳವೆಯನ್ನು ಠಾಣೆ ದಾಟುವಾಗ ಹಾಕುತ್ತಾರೆ. ಕಲಬುರಗಿಗೆ ಹೋಗುವ ದಿನ ಹಾಕುತ್ತಾರೆ. ಮನೆಯಲ್ಲಿ ಅಪ್ಪ ಇದ್ದಾನೆಂದರೆ ಹಾಕುತ್ತಾರೆ. ತಾಲೂಕು ಆಸ್ಪತ್ರೆಯ ಮುಂದೆ, ಪರೀಕ್ಷೆ ನಡೆಯುವ ಶಾಲೆಯ ಕಾಂಪೌಂಡ್ ಪಕ್ಕ, ರಾತ್ರಿ ಹನ್ನೊಂದಕ್ಕೆ ಮಗು ಮಲಗಿಸುವ ಓಣಿಯಲ್ಲಿ ಹಾಕಿದವನನ್ನು ನಾನಂತೂ ಕಂಡಿಲ್ಲ. ದಂಡ ಹಾಕುವವನಿಗೆ ಮರ್ಯಾದೆ, ಸಂಕಟಪಡುವವನಿಗೆ ಸದ್ದು. ನನ್ನ ತಕರಾರು ಇರುವುದು ಇಲ್ಲೇ.

ಈ ಸ್ವಿಚ್ಚಿನ ಖಯಾಲಿ ಬೈಕಿಗಿಂತ ದೊಡ್ಡ ಮನೆಯಲ್ಲೂ ಇದೆ. ಅಮೆರಿಕದ ಕೆರೆಗಳಲ್ಲಿ ದೊಡ್ಡ ವಿ8 ಎಂಜಿನ್ ಕೂರಿಸಿದ ಮೋಜಿನ ಬೋಟುಗಳು ಓಡುತ್ತವೆ. ಅವುಗಳ ಹೊಗೆಕೊಳವೆಗೆ ಎರಡು ದಾರಿ: ಒಂದು ನೀರಿನ ಕೆಳಗೆ, ಇನ್ನೊಂದು ಬೋಟಿನ ಹಿಂಬದಿಯಿಂದ ನೇರ ಗಾಳಿಗೆ. ಚಾಲಕ ಕೂತಲ್ಲಿಂದಲೇ ಬಟನ್ ಒತ್ತಿ ದಾರಿ ಬದಲಿಸಬಹುದು. ನೀರಿನ ಮೇಲೆ ಸದ್ದಿಗೆ ಗೋಡೆಯಿಲ್ಲ, ಮರವಿಲ್ಲ; ದಡದ ಮನೆಗಳವರೆಗೆ ಸರಾಗ ಹೋಗಿ ಮುಟ್ಟುತ್ತದೆ. ಹಾಗಾಗಿ ಅಲ್ಲಿನ ಹಲವು ರಾಜ್ಯಗಳು ಕಾಯಿದೆ ಮಾಡಿದಾಗ ಬೋಟಿನ ಪಕ್ಕದಲ್ಲಿ ಮೀಟರ್ ಹಿಡಿಯುವುದಷ್ಟಕ್ಕೇ ನಿಲ್ಲಲಿಲ್ಲ. ದಡದಲ್ಲಿ ನಿಂತು ಅಳೆದರೆ 75 ಡೆಸಿಬಲ್ ದಾಟಬಾರದು ಎಂದೂ ಬರೆದುಕೊಂಡವು. ನನಗೆ ಮೆಚ್ಚುಗೆಯಾದದ್ದು ಆ ಅಂಕಿಗಿಂತ ಅಳೆಯುವ ಜಾಗ. ಬೋಟಿನಲ್ಲಿ ಕೂತವನಿಗೆ ಎಷ್ಟು ಕೇಳಿಸುತ್ತದೆ ಎಂಬುದು ಅವನ ಪಾಡು, ದಡದವನಿಗೆ ಎಷ್ಟು ಕೇಳಿಸುತ್ತದೆ ಎಂಬುದು ಕಾಯಿದೆಯ ಪಾಡು.

ನಮ್ಮ ಭೀಮೆಯಲ್ಲಿ ಮೋಜಿನ ಬೋಟಿಲ್ಲ. ಉಜನಿ ಡ್ಯಾಮಿನಿಂದ ನೀರು ಬಿಟ್ಟು, ಸೊನ್ನ ಬ್ಯಾರೇಜ್ ತುಂಬಿ, 2020ರ ಅಕ್ಟೋಬರಿನಲ್ಲಿ ನದಿ ಊರೊಳಗೆ ಬಂದಾಗ ನಮಗೆ ಕಂಡದ್ದು ರಕ್ಷಣಾ ತಂಡದವರ ರಬ್ಬರ್ ಬೋಟು. ಅದರ ಹಿಂದೆ ತೂಗುಹಾಕುವ ಎಂಜಿನ್ನನ್ನು ಮೆಕ್ಯಾನಿಕನ ಕಣ್ಣಿನಿಂದ ನೋಡಬೇಕು. ಹೊಗೆ ಮೇಲೆ ಬರುವುದೇ ಇಲ್ಲ. ಎಂಜಿನ್ನಿನ ಕಾಲಿನೊಳಗಿಂದ ಕೆಳಗಿಳಿದು, ನೀರಿನಡಿ ತಿರುಗುವ ಫ್ಯಾನಿನ ನಟ್ಟನಡುವಿನಿಂದ ಹೊರಬೀಳುತ್ತದೆ. ಅರ್ಧ ಸದ್ದನ್ನು ನೀರೇ ನುಂಗಿಬಿಡುತ್ತದೆ. ಮಾಳಿಗೆ ಮೇಲೆ ನಿಂತವರ ಕೂಗು ಬೋಟಿನವನ ಕಿವಿಗೆ ಬೀಳಬೇಕಲ್ಲ! ಕೆಲಸದ ಎಂಜಿನ್ನು ಸದ್ದು ಮಾಡುವುದನ್ನು ದೊಡ್ಡಸ್ತಿಕೆ ಎಂದುಕೊಳ್ಳುವುದಿಲ್ಲ.

ನಮ್ಮ ದೇಶದಲ್ಲಿ ಕಾಯಿದೆಗೆ ಬರವಿಲ್ಲ. ಹೊಸ ಬೈಕು ಕಾರ್ಖಾನೆ ಬಿಡುವ ಮೊದಲೇ ಏಳೂವರೆ ಮೀಟರ್ ದೂರದಿಂದ ಅದರ ಸದ್ದು ಅಳೆದಿರುತ್ತಾರೆ: 80 ಸಿಸಿವರೆಗಿನದಕ್ಕೆ 75 ಡೆಸಿಬಲ್, 175 ಸಿಸಿವರೆಗೆ 77, ಅದಕ್ಕಿಂತ ದೊಡ್ಡದಕ್ಕೆ 80. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರ ಮೇಲೆ 45 ಇರಬೇಕೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಡೆಸಿಬಲ್ ಲೆಕ್ಕ ನಮ್ಮ ಕಿಲೋ, ಲೀಟರಿನಂತೆ ಅಲ್ಲ. 80 ಇದ್ದದ್ದು 90 ಆದರೆ ಗಾಳಿಗೆ ಸೇರುವ ಸದ್ದಿನ ಶಕ್ತಿ ಹತ್ತು ಪಟ್ಟು. ‘ಹತ್ತೇ ಜಾಸ್ತಿ ಅದ ಬಿಡ್ರಿ’ ಎನ್ನುವ ಹುಡುಗನಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

ಇನ್ನು ಬುಲೆಟ್ಟಿನ ‘ಡುಗ್ ಡುಗ್’. ಇದರ ಬಗ್ಗೆ ಮಾತಾಡದೆ ಬಿಟ್ಟರೆ ನನ್ನ ಗಿರಾಕಿಗಳಿಗೆ ಅನ್ಯಾಯ. ಬಹಳ ಮಂದಿ ಸೈಲೆನ್ಸರ್ ಬದಲಿಸುವುದು ಪುಂಡಾಟಿಕೆಗಲ್ಲ, ಗೌಡರೋ ಮಾಸ್ತರರೋ ಏರಿ ಬರುತ್ತಿದ್ದ ಆ ಹಳೆ ಗಾಡಿಯ ಸದ್ದು ಬೇಕು ಅಂತ. 1955ರಲ್ಲಿ ಮದ್ರಾಸಿನಲ್ಲಿ ಜೋಡಿಸಲು ಶುರುಮಾಡಿದ ಆ ಬುಲೆಟ್ಟಿನ ಸಿಲಿಂಡರ್ ಅಗಲ 70 ಮಿ.ಮೀ., ಪಿಸ್ಟನ್ ಓಡಾಟ 90 ಮಿ.ಮೀ. ಉದ್ದದ ಸ್ಟ್ರೋಕು, ತೂಕದ ಫ್ಲೈವೀಲು, ತೀರಾ ನಿಧಾನದ ಐಡ್ಲಿಂಗು. ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ ಬಿಡುವಿತ್ತು. ಆ ಬಿಡುವಿನಿಂದಲೇ ಆ ಸದ್ದಿಗೆ ಗತ್ತು. ಅದು ಕಂಪನಿಯ ಸೈಲೆನ್ಸರ್ ಇಟ್ಟುಕೊಂಡೇ ಬರುತ್ತಿದ್ದ ಸದ್ದು ಎಂಬುದನ್ನು ಮರೆಯಬಾರದು. ಈಗಿನ ಎಂಜಿನ್ನಿಗೆ ಬಾಯಿ ಬಿಚ್ಚಿದ ಪೈಪು ಹಾಕಿದರೆ ಬರುವುದು ಡುಗ್ ಡುಗ್ ಅಲ್ಲ, ಬರೀ ಹರಕು ಸದ್ದು. ಹಳೆಯ ಸದ್ದೇ ಬೇಕಿದ್ದರೆ ಹಳೆಯ ಗಾಡಿ ಹುಡುಕಿ ರಿಪೇರಿ ಮಾಡಿಸಿ. ಅದಕ್ಕೆ ನಾನು ಹಗಲು ರಾತ್ರಿ ದುಡಿಯಲು ಸಿದ್ಧ.

‘ಸೌಂಡ್ ಇದ್ರ ಎದುರಿನವ್ರು ಸರಿತಾರ್ರೀ, ಜೀವ ಉಳಿತದ’ ಎಂಬ ವಾದವೂ ಉಂಟು. ಪೈಪಿನ ಬಾಯಿ ಹಿಂದಕ್ಕಿದೆ, ಸದ್ದಿನ ಹೆಚ್ಚಿನ ಪಾಲು ಹಿಂದಕ್ಕೇ ಹೋಗುತ್ತದೆ. ಹವಳಗಾದ ಸಕ್ಕರೆ ಕಾರ್ಖಾನೆ ಕಡೆಗೆ ಎರಡೆರಡು ಟ್ರೇಲರ್ ಕಬ್ಬು ಹೇರಿಕೊಂಡು ಟೇಪು ಜೋರಾಗಿ ಹಚ್ಚಿಕೊಂಡ ಟ್ರ್ಯಾಕ್ಟರಿನವನಿಗೆ ಇವನ ಪೈಪು ಕೇಳಿಸುವುದೂ ಅಷ್ಟಕ್ಕಷ್ಟೇ. ಜೀವದ ಮೇಲೆ ಅಷ್ಟು ಆಸೆಯಿದ್ದವರು ಹೆಲ್ಮೆಟ್ಟನ್ನು ಕನ್ನಡಿಗೆ ತೂಗುಹಾಕುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಫೈರಿಂಗ್. ಓಡುವ ಗಾಡಿಯ ಕಿಲ್ ಸ್ವಿಚ್ ಒತ್ತಿ ಬಿಡುತ್ತಾರೆ. ಆ ಕ್ಷಣ ಕಿಡಿ ಇಲ್ಲದ್ದರಿಂದ ಉರಿಯದ ಪೆಟ್ರೋಲು ಕಾದ ಪೈಪಿಗೆ ಹೋಗಿ ಅಲ್ಲಿ ಸಿಡಿಯುತ್ತದೆ. ಹುಣ್ಣಿಮೆಗೆ ದೇವಲ ಗಾಣಗಾಪುರದ ದಾರಿಯಲ್ಲಿ ಈ ಸಿಡಿತ ಕೇಳಬೇಕು. ಭೀಮಾ, ಅಮರ್ಜಾ ಕೂಡುವ ಸಂಗಮದಲ್ಲಿ ಔದುಂಬರದ ಕೆಳಗೆ ಪಾರಾಯಣಕ್ಕೆ ಕೂತವರಿರುತ್ತಾರೆ. ಮನಸ್ಸಿಗೆ ನೆಮ್ಮದಿ ತಪ್ಪಿದವರನ್ನು ಮನೆಯವರು ಎಲ್ಲೆಲ್ಲಿಂದಲೋ ಕರೆತಂದಿರುತ್ತಾರೆ. ಅವರ ಬೆನ್ನ ಹಿಂದೆ ಗುಂಡು ಹೊಡೆದಂತೆ ಸದ್ದು. ಮಾಡಿದವನಿಗೂ ಲಾಭವಿಲ್ಲ. ಬಿಎಸ್-6 ಗಾಡಿಗಳಲ್ಲಿ ಹೊಗೆಯ ದಾರಿಯಲ್ಲೇ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಇರುತ್ತವೆ. ಈ ಸಿಡಿತಕ್ಕೆ ಒಳಗಿನ ಜಾಲರಿ ಕಾದು ಕರಗುತ್ತದೆ, ಮೀಟರಿನಲ್ಲಿ ಎಂಜಿನ್ ಲೈಟು ಹತ್ತುತ್ತದೆ. ಆಮೇಲೆ ‘ಕಾಕಾ, ಪಿಕಪ್ ಇಲ್ಲ’ ಅಂತ ನನ್ನ ಹತ್ತಿರವೇ ಬರುತ್ತಾರೆ.

ಪೊಲೀಸರು ಏನೂ ಮಾಡುತ್ತಿಲ್ಲ ಎನ್ನಲಾರೆ. ಕಿತ್ತುತಂದ ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿ ಮಲಗಿಸಿ ರೋಡ್ ರೋಲರ್ ಹಾಯಿಸುವ ಫೋಟೋ ರಾಜ್ಯದ ಯಾವುದಾದರೂ ಊರಿನಿಂದ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ನೋಡಲು ಖುಷಿ. ಆದರೆ ಸೊಲ್ಲಾಪುರದ ಅಂಗಡಿಯಲ್ಲೋ ಮೊಬೈಲಿನಲ್ಲೋ ಅದೇ ಮಾಲು ಮರುದಿನ ಸಿಗುತ್ತದೆ. ಗಾಡಿಯ ಮಾಲೀಕ ಮಾರ್ಪಾಡು ಮಾಡಿಸಿದರೆ ಮೋಟಾರು ವಾಹನ ಕಾಯಿದೆಯ 182ಎ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ; ಶಬ್ದದ ಮಿತಿ ಮೀರಿದ್ದಕ್ಕೆ 190ನೇ ಕಲಮಿನಲ್ಲಿ 10,000ದವರೆಗೆ. ಹುಡುಗನ ಅಪ್ಪ ಕಬ್ಬಿನ ಬಿಲ್ಲಿನ ದುಡ್ಡಿನಲ್ಲಿ ಅದನ್ನು ಕಟ್ಟುತ್ತಾನೆ. ಮಾರಿದವನನ್ನು, ಕೂರಿಸಿಕೊಟ್ಟ ಗ್ಯಾರೇಜಿನವನನ್ನು ಯಾರೂ ಕೇಳುವುದಿಲ್ಲ. ನಮ್ಮ ಕಸುಬಿನವರಿಗೆ ನಾನು ಹೀಗೆ ಬರೆಯುವುದು ಹಿಡಿಸಲಿಕ್ಕಿಲ್ಲ, ಆದರೂ ಮೊದಲ ನೋಟಿಸು ನಮಗೇ ಬರಬೇಕು.

ಸ್ವಿಚ್ಚಿನ ವಿಷಯದಲ್ಲಿ ಯುರೋಪಿನವರು ನೇರವಾಗಿದ್ದಾರೆ. ಅಲ್ಲಿ ನಡೆಯುವ ವಿಶ್ವಸಂಸ್ಥೆಯ 41ನೇ ನಿಯಮದ ಪ್ರಕಾರ, ಸೈಲೆನ್ಸರಿಗೆ ಎಷ್ಟು ಮೋಡ್ ಇದ್ದರೂ ಎಲ್ಲ ಮೋಡಿನಲ್ಲೂ ಪಾಸಾಗಬೇಕು. ಆಸ್ಟ್ರಿಯಾದ ಟಿರೋಲ್ ಪ್ರಾಂತ 2020ರ ಜೂನಿನಲ್ಲಿ ಇನ್ನೊಂದು ಹೆಜ್ಜೆ ಹೋಯಿತು: ನೋಂದಣಿ ಪತ್ರದಲ್ಲಿ ನಮೂದಾದ ಸದ್ದು 95 ಡೆಸಿಬಲ್ ಮೀರಿದ ಬೈಕುಗಳಿಗೆ ಕೆಲವು ಗುಡ್ಡದ ರಸ್ತೆಗಳನ್ನೇ ಬಂದ್ ಮಾಡಿತು. ‘ಈಗ ಮುಚ್ಚಿದ್ದೇನೆ ಸಾಹೇಬರೇ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ನಮ್ಮಲ್ಲಿ ಇದಕ್ಕೆ ಹೊಸ ಇಲಾಖೆ ಬೇಕಾಗಿಲ್ಲ. ವರ್ಷಕ್ಕೊಮ್ಮೆ, ಹಳೆ ಗಾಡಿಯಾದರೆ ಆರು ತಿಂಗಳಿಗೊಮ್ಮೆ, ಎಮಿಷನ್ ಟೆಸ್ಟಿನವನು ಇದೇ ಸೈಲೆನ್ಸರಿನ ಬಾಯಿಗೆ ಕಡ್ಡಿ ತೂರಿಸುತ್ತಾನೆ. ಬಗ್ಗಿ ಕೂತಾಗಲೇ ಒಂದು ಟಾರ್ಚು ಬಿಟ್ಟು ನೋಡಲಿ: ಕಂಪನಿಯ ಗುರುತು ಇದೆಯೇ, ಒಳಗೆ ತಡೆ ಇದೆಯೇ, ಬಿಚ್ಚುವ ಸ್ಕ್ರೂ ಇದೆಯೇ. ಸ್ಕ್ರೂ ಇದ್ದರೆ ಬಿಚ್ಚಿಸಿ, ಬಟನ್ ಇದ್ದರೆ ಒತ್ತಿಸಿ, ಬಾಯಿ ಪೂರಾ ತೆರೆದ ಸ್ಥಿತಿಯಲ್ಲಿ ಸದ್ದಿನ ಮೀಟರ್ ಹಿಡಿಯಲಿ. ಆ ಅಂಕಿಯನ್ನು ಹೊಗೆಯ ಅಂಕಿಯ ಪಕ್ಕದಲ್ಲೇ ಸರ್ಟಿಫಿಕೇಟಿನ ಮೇಲೆ ಅಚ್ಚು ಹಾಕಲಿ. ಕಲಬುರಗಿಯ ಸಾರಿಗೆ ಕಚೇರಿ ಮನಸ್ಸು ಮಾಡಿದರೆ ಅಫಜಲಪುರ, ಆಳಂದ, ಜೇವರ್ಗಿ ಮೂರೂ ತಾಲೂಕಿನಲ್ಲಿ ಮುಂದಿನ ಕಬ್ಬಿನ ಹಂಗಾಮಿನೊಳಗೆ ಪ್ರಯೋಗಕ್ಕೆ ಶುರುಮಾಡಬಹುದು. ಮೀಟರ್ ಹಿಡಿಯುವುದನ್ನು ಕಲಿಸಿದರೆ ನನ್ನ ಗ್ಯಾರೇಜಿನ ಹುಡುಗರನ್ನೂ ಕಳಿಸಿಕೊಡುತ್ತೇನೆ.