ಕೊಡದ ಮೇಲಿನ ಹೆಸರು

ಹಳೆಯ ಸಾಮಾನು ಹುಡುಕುತ್ತ ಸಣ್ಣ ಊರುಗಳನ್ನು ಸುತ್ತುವ ಹೊಸ ಚಟವೊಂದು ನಮ್ಮ ಪೇಟೆಯ ಹೆಂಗಸರಿಗೆ ಹತ್ತಿದೆ. ಭಾನುವಾರ ಬಂತೆಂದರೆ ನಾಲ್ಕು ಜನ ಕೂಡಿ ಕಾರು ಮಾಡಿಕೊಂಡು ಹೊರಡುವುದು, ಮೋಡಕಾ ಅಂಗಡಿಯ ಧೂಳಿನಲ್ಲಿ ಕೈಯಾಡಿಸುವುದು, ಸಂಜೆಗೆ ಒಂದು ತಾಮ್ರದ ಹಂಡೆಯನ್ನೋ ಹಿತ್ತಾಳೆಯ ಸಮೆಯನ್ನೋ ಡಿಕ್ಕಿಯಲ್ಲಿಟ್ಟುಕೊಂಡು ‘ಸಿಕ್ಕಿತು!’ ಎಂದು ಹಿಗ್ಗುವುದು. ನನ್ನ ಜಗಳವಿರುವುದು ಈ ‘ಸಿಕ್ಕಿತು’ ಎಂಬ ಮಾತಿನ ಮೇಲೆಯೇ. ದಾರಿಯಲ್ಲಿ ಬಿದ್ದದ್ದು ಸಿಗುತ್ತದೆ. ಹಂಡೆ ದಾರಿಯಲ್ಲಿ ಬಿದ್ದಿರಲಿಲ್ಲ, ಯಾರದೋ ಬಚ್ಚಲ ಒಲೆಯ ಮೇಲೆ ಕೂತಿತ್ತು.

ಇಂಥ ತಂಡದ ಜೊತೆ ನಾನೂ ಒಮ್ಮೆ ನವಲಗುಂದದ ಕಡೆ ಹೋಗಿದ್ದೆ. ಮೊದಲು ಯಮನೂರಿನ ದರ್ಗಾ. ಮುಸಲ್ಮಾನರು ರಾಜಾಬಾಗಸವಾರನೆಂದೂ ಹಿಂದೂಗಳು ಚಾಂಗದೇವನೆಂದೂ ನಡೆದುಕೊಳ್ಳುವ ಸ್ಥಳ. ಸಕ್ಕರೆ ಓದಿಸಿ, ಬೆಣ್ಣೆಹಳ್ಳದ ದಂಡೆಯಲ್ಲಿ ರೊಟ್ಟಿ ಬುತ್ತಿ ಬಿಚ್ಚಿ, ಆಮೇಲೆ ಪೇಟೆಯ ಅಂಗಡಿ. ಅಲ್ಲೊಂದು ತಾಮ್ರದ ಕೊಡ. ಕಂಠದ ಕೆಳಗೆ ಚುಕ್ಕೆಚುಕ್ಕೆಯಾಗಿ ಒಬ್ಬ ಹೆಣ್ಣುಮಗಳ ಹೆಸರು, ಅದರ ಪಕ್ಕ ಆಕೆಯ ತವರೂರು.

“ಇದು ಎಲ್ಲಿಂದ ಬಂತು?” ಎಂದೆ.

“ಬರಗಾಲದಾಗ ತೂಕದ ಮ್ಯಾಲ ತಗೊಂಡದ್ದರೀ ಬಾಯಾರ. ಭಾಳ ಬಂದ್ವು ಆಗ” ಎಂದ ಅಂಗಡಿಯವ.

ನಮ್ಮ ಗೆಳತಿಗೆ ಆ ಹೆಸರೇ ಬಹಳ ಹಿಡಿಸಿತು. ಹೆಸರಿದ್ದರೆ ‘ಒರಿಜಿನಲ್’ ಅಂತೆ!

ಅಲ್ಲವೇ, ಆ ಕೊಡವನ್ನು ಅಂಗಡಿಗೆ ಒಯ್ದವರು ಯಾರು? ತವರಿನವರು ಮದುವೆಯಲ್ಲಿ ಕೊಟ್ಟ ಪಾತ್ರೆ ಆಕೆಯದೇ ಆಸ್ತಿ. ಆದರೆ ಮನೆಯಲ್ಲಿ ಸಾಲ ಬಂದಾಗ ಮೊದಲು ಹೊರಬೀಳುವುದೂ ಅದೇ. ಎತ್ತು ಮಾರಲು ಗಂಡಸರು ಹತ್ತು ಸಲ ವಿಚಾರ ಮಾಡುತ್ತಾರೆ, ಕೊಡ ಮಾರಲು ಯಾರೂ ಆಕೆಯನ್ನು ಕೇಳುವುದಿಲ್ಲ. ನವಲಗುಂದ ಸೀಮೆಯ ಕರಿನೆಲ ಮಳೆಯನ್ನೇ ನಂಬಿದ್ದು. ನೀರಾವರಿ ಕರದ ವಿರುದ್ಧ 1980ರಲ್ಲಿ ರೈತರು ಬಂಡೆದ್ದ ನೆಲ ಅದು. 2016ರ ಜುಲೈಯಲ್ಲಿ ಮಹದಾಯಿ ನೀರಿನ ಗಲಾಟೆಯಾದಾಗ ಇದೇ ಯಮನೂರಿನ ಮನೆಗಳಿಗೆ ಪೊಲೀಸರು ನುಗ್ಗಿ ಹೆಂಗಸರನ್ನೂ ಹೊಡೆದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ನೀರು ಬರದ ಊರಿನಿಂದ ನೀರಿನ ಕೊಡ ನಮ್ಮ ದಿವಾಣಖಾನೆಗೆ ಬಂದು ಪ್ಲಾಸ್ಟಿಕ್ ಹೂ ಹಿಡಿದುಕೊಂಡು ನಿಲ್ಲುತ್ತದೆ!

“ನಾವು ಕೊಳ್ಳದಿದ್ದರೆ ಕರಗಿಸಿಬಿಡುತ್ತಾರಲ್ಲ” ಎಂಬ ಉತ್ತರ ಸಿದ್ಧವಾಗಿದೆ. ಒಪ್ಪುತ್ತೇನೆ, ಕರಗಿಸುತ್ತಾರೆ. ಹಳೆಯ ಜರಿ ಸೀರೆಗಳನ್ನು ಸುಟ್ಟು ಬೆಳ್ಳಿ ತೆಗೆಯುವುದೂ ಗೊತ್ತಿದೆ. ಆದರೆ ಉಳಿಸುವುದೆಂದರೆ ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಮಾಡಿದ್ದು. ಬೀಳುವ ಮನೆಗಳನ್ನೇ ಬಿಚ್ಚಿ ತಂದು ನಿಲ್ಲಿಸಿದರು, ಯಾರು ಬೇಕಾದರೂ ಹೋಗಿ ನೋಡಬಹುದು. ನಮ್ಮ ಶೋಕೇಸಿಗೂ ಅದಕ್ಕೂ ಏನು ಸಂಬಂಧ?

ಇನ್ನು ‘ನೂರೈವತ್ತು ವರ್ಷದ್ದರೀ’ ಎಂಬ ಮಾತು. 1972ರ ಪ್ರಾಚ್ಯವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕೃತಿ, ಕುಸುರಿ ವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸು ಬೇಕು. ಹಳೆಯ ಮೂರ್ತಿಗಳನ್ನು ಇಟ್ಟುಕೊಳ್ಳುವವರೂ ನೋಂದಾಯಿಸಬೇಕು. ಅಂಗಡಿಯವನು ನಿಜ ಹೇಳುತ್ತಿದ್ದರೆ ಮೊದಲು ಲೈಸೆನ್ಸು ತೋರಿಸಲಿ. ಸುಳ್ಳಾದರೆ ಆ ರೊಕ್ಕ ಯಾತಕ್ಕೆ? ಗುಡಿಯಿಂದ ಕದ್ದ ಮೂರ್ತಿಗೂ ಇಂಥ ‘ಹಳೇ ಮನೆಯ’ ಕಥೆಯನ್ನೇ ಕಟ್ಟುತ್ತಾರೆಂಬುದನ್ನು ಮರೆಯಬೇಡಿ.

ನನಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ಜಮಖಾನೆಯ ವಿಷಯದಲ್ಲಿ. ನವಲಗುಂದದ ಜಮಖಾನೆ ನೇಯುವವರು ಹೆಂಗಸರು, ಮುಸ್ಲಿಂ ಮನೆತನಗಳವರು. ನೆಟ್ಟಗೆ ನಿಂತ ಮಗ್ಗದ ಮುಂದೆ ಕುಕ್ಕರಗಾಲಲ್ಲಿ ಕೂತು, ಹತ್ತಿಯ ನೂಲನ್ನು ಪಂಜದಿಂದ ಬಡಿಬಡಿದು ನವಿಲು, ಪಗಡೆಹಾಸು ಮೂಡಿಸುತ್ತಾರೆ. ಮಗಳು ಪರಮನೆಗೆ ಹೋಗುವವಳೆಂದು ಸೊಸೆಗೆ ಮಾತ್ರ ಕಲಿಸುತ್ತಿದ್ದರೆಂಬ ಮಾತಿದೆ. ಈಗ ಸೊಸೆಯೂ ಕಲಿಯಲು ಒಲ್ಲೆ ಎನ್ನುತ್ತಾಳೆ, ಕೂಲಿ ಗಿಟ್ಟಬೇಕಲ್ಲ! ಭೌಗೋಳಿಕ ಸೂಚಿಕೆಯ ಪಟ್ಟ ಸಿಕ್ಕರೂ ಮಗ್ಗಗಳು ಬೆರಳೆಣಿಕೆಗೆ ಇಳಿದಿವೆ.

ಅಂಥ ಒಂದು ಮನೆಗೆ ಹೋಗಿ ನಮ್ಮವರು, “ಹಳೇದು ಇದ್ರ ತೋರಸ್ರಿ, ಬಣ್ಣ ಮಾಸಿದ್ದು” ಎಂದರು. ಮಗ್ಗದ ಮೇಲೆ ಅರ್ಧ ನೇಯ್ದ ನವಿಲು ಕಣ್ಣೆದುರಿಗೇ ಇತ್ತು.

“ಇದನ್ನ ಒಯ್ಯಿರಿ ಅಕ್ಕಾರ, ಮೊಮ್ಮಕ್ಕಳ ಕಾಲಕ್ಕ ತಾನಽ ಹಳೇದಾಗತೈತಿ” ಎಂದಳು ಆಕೆ, ಕೈ ನಿಲ್ಲಿಸದೆ.

ಕೊಡಕ್ಕೆ ಕೇಳಿದಷ್ಟು ಎಣಿಸಿ ಬಂದವರು ಇಲ್ಲಿ ನೂರು ರೂಪಾಯಿಗಾಗಿ ಅರ್ಧ ತಾಸು ಚೌಕಾಶಿ ಮಾಡಿ, ಕೊನೆಗೆ ಏನೂ ಕೊಳ್ಳದೆ ಎದ್ದರು. ನಾನು ಒಂದಕ್ಕೆ ಮುಂಗಡ ಕೊಟ್ಟೆ. ಎರಡು ತಿಂಗಳಿಗೆ ಬಂತು, ನೂಲಿನ ಹೊಸ ವಾಸನೆ ಇನ್ನೂ ಹೋಗಿಲ್ಲ.