ಗಾಳವೂ ಬಿಂದಿಗೆಯೂ

ಕಳೆದ ಬೇಸಗೆಯ ರಜೆಯಲ್ಲಿ ಒಂದು ಸಂಜೆ, ಜಯನಗರದ ನಮ್ಮ ಮನೆಗೆ ನೆರೆಮನೆಯ ಗೃಹಿಣಿಯೊಬ್ಬರು ತಮ್ಮ ಮಗನನ್ನು ಮುಂದಿಟ್ಟುಕೊಂಡು ನ್ಯಾಯ ಕೇಳಲು ಬಂದರು. ಹುಡುಗನಿಗೆ ಹದಿನಾರು ವರ್ಷ. ಸೋದರಮಾವನೊಡನೆ ನೀಲಗಿರಿಗೆ ಹೋಗಿ, ಸರೋವರದ ಬಳಿ ಗುಡಾರದಲ್ಲಿದ್ದುಕೊಂಡು, ಮೂರು ದಿನ ಟ್ರೌಟ್ ಮೀನಿಗೆ ಗಾಳ ಹಾಕಬೇಕೆಂಬುದು ಅವನ ಅಪೇಕ್ಷೆ.

“ಮೇಷ್ಟ್ರೇ, ನಮ್ಮ ಮನೆಯಲ್ಲಿ ಮೊಟ್ಟೆಯನ್ನು ಮುಟ್ಟುವವರೂ ಇಲ್ಲ. ಇವನು ಮೀನು ಹಿಡಿಯುತ್ತಾನಂತೆ! ನೀವಾದರೂ ಬುದ್ಧಿ ಹೇಳಿ” ಎಂದರು ಆಕೆ.

“ಹಿಡಿದು ಬಿಟ್ಟುಬಿಡುತ್ತೇವೆ, ತಾತ; ತಿನ್ನುವುದಿಲ್ಲ” ಎಂದ ಹುಡುಗ.

ಅಹಿಂಸೆಯನ್ನು ಕುರಿತು ನಾಲ್ಕು ಮಾತು ಹೇಳಿ ಕಳುಹಿಸುವುದು, ಬಹುಕಾಲ ಪಾಠ ಹೇಳಿದ ನಮಗೆ ಕಷ್ಟವಾಗಿರಲಿಲ್ಲ. ಆದರೆ ಆಕೆ ಆಡಿದ ಇನ್ನೊಂದು ಮಾತು ನಮ್ಮನ್ನು ತಡೆಯಿತು. ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಿದ್ದ ಸಕ್ಕರ್ ಮೀನು ಗೇಣುದ್ದಕ್ಕೂ ಮಿಕ್ಕಿ ಬೆಳೆದಿದೆಯೆಂದೂ, ಪಾಪ, ಅದನ್ನು ನಾಳೆ ಬಿಂದಿಗೆಯಲ್ಲಿ ಒಯ್ದು ಸಾರಕ್ಕಿ ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳುವುದಾಗಿಯೂ ಹೇಳಿದರು. ಗಾಳವು ಹಿಂಸೆ, ಬಿಂದಿಗೆಯು ದಯೆ ಎಂಬುದು ಮೇಲುನೋಟಕ್ಕೆ ಸರಿಯೇ. ಮೀನುಗಳ ಚರಿತ್ರೆಯನ್ನು ಬಲ್ಲವರಿಗೆ ಹಾಗೆನ್ನಲು ಧೈರ್ಯ ಸಾಲದು.

ಗಾಳದ ವಿನೋದವು ಪರದೇಶದಿಂದ ಬಂದುದೆಂದು ತಿಳಿದವರುಂಟು. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ, ಅರಸನ ವಿನೋದಗಳ ನಡುವೆ ಮತ್ಸ್ಯವಿನೋದಕ್ಕೂ ಒಂದು ಪ್ರಕರಣವಿದೆ. ಮೀನಿನ ಜಾತಿಗಳು, ಅವುಗಳ ಆಹಾರ, ಗಾಳದ ಕೋಲು, ಹುರಿ ಇವೆಲ್ಲವೂ ಅಲ್ಲಿ ಉಕ್ತವಾಗಿವೆ. ವಿದ್ಯೆ ನಮ್ಮದೇ; ಪರದೇಶದಿಂದ ಬಂದುದು ಟ್ರೌಟ್ ಮೀನು.

ಟ್ರೌಟ್ ಶೀತಲ ಜಲದ ಪ್ರಾಣಿ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಪ್ರಾಣವಾಯು ಕಡಮೆಯಾಗುವುದರಿಂದ, ಶಾಖವು ೨೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೆ ಅದು ಬಳಲುತ್ತದೆ. ಆದಕಾರಣ ನಮ್ಮ ಬೆಂಗಳೂರಿನ ಕೆರೆಗಳು ಅದಕ್ಕೆ ಒಗ್ಗವು. ನೀಲಗಿರಿಗೆ ಅದನ್ನು ತರಲು ೧೮೬೦ರ ದಶಕದಲ್ಲಿ ಫ್ರಾನ್ಸಿಸ್ ಡೇ ಎಂಬ ವೈದ್ಯನು ಮಾಡಿದ ಯತ್ನವೂ ಫಲಿಸಲಿಲ್ಲ. ೨೦ನೆಯ ಶತಮಾನದ ಮೊದಲ ದಶಕದಲ್ಲಿ, ಎಚ್. ಸಿ. ವಿಲ್ಸನ್ ಎಂಬಾತನ ಪ್ರಯತ್ನದಿಂದ ಅದು ಅಲ್ಲಿ ನೆಲೆಗೊಂಡಿತು. ಮುಂಜಾನೆಯ ಮತ್ತು ಸಂಜೆಯ ತಂಪಿನಲ್ಲಿ ಅದು ಹುಳುಹುಪ್ಪಟೆಗಳನ್ನರಸಿ ದಡದ ಬಳಿಗೆ ಬರುತ್ತದೆ. ಆಗ ದಡದಲ್ಲಿ ನಿಂತವನಿಗೆ ಅನುಕೂಲ. ಬಿಸಿಲೇರಿದರೆ ಆಳಕ್ಕಿಳಿಯುತ್ತದೆ, ಆಗ ದೋಣಿಯಿದ್ದವನಿಗೇ ಅವಕಾಶ. ಬಿಡುವ ಉದ್ದೇಶವುಳ್ಳವನು ಗಾಳದ ಹಿಮ್ಮುಳ್ಳನ್ನು ಮೊದಲೇ ಒತ್ತಿ ಅಡಗಿಸಿ, ಕೈಯನ್ನು ಒದ್ದೆ ಮಾಡಿಕೊಂಡು, ಆದಷ್ಟು ಮಟ್ಟಿಗೆ ಮೀನನ್ನು ನೀರಿನಲ್ಲಿಟ್ಟೇ ಬಿಡಿಸಬೇಕು.

ಇನ್ನು ನಮ್ಮ ಕಾವೇರಿಯ ಸಂಗತಿ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕುಳಿತು ಪುರಿ ಚೆಲ್ಲಿದ ವಾಚಕರು ಮಹಶೀರ್ ಕುಲದ ಮೀನುಗಳನ್ನು ಕಂಡೇ ಇರುತ್ತಾರೆ. ಆ ಕುಲದಲ್ಲಿ ಬೆನ್ನು ಗೂನಾದ, ಮಹಾಕಾಯವಾಗಿ ಬೆಳೆಯುವ ಒಂದು ಜಾತಿಯು ಕಾವೇರಿಗೂ ಅದರ ಉಪನದಿಗಳಿಗೂ ಮಾತ್ರ ಸೇರಿದುದು. ೧೯೪೬ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮೀನು ೧೨೦ ಪೌಂಡು ತೂಗಿತ್ತು. ಮುಂದೆ ಭೀಮೇಶ್ವರಿ, ಗಾಳಿಬೋರೆ ಮೊದಲಾದೆಡೆ ನದಿಯ ದಡದಲ್ಲಿ ಗುಡಾರಗಳು ಎದ್ದವು. ಬಂಡೆಯ ಮೇಲಿಂದಲೋ ಹರಿಗೋಲಿನಿಂದಲೋ ರಾಗಿಹಿಟ್ಟಿನ ಉಂಡೆಯನ್ನು ಗಾಳಕ್ಕೆ ಚುಚ್ಚಿ ಎಸೆಯುವುದು, ಸಿಕ್ಕಿದ ಮೀನನ್ನು ತೂಗಿ ನೀರಿಗೆ ಬಿಡುವುದು, ಪುಸ್ತಕದಲ್ಲಿ ಬರೆದಿಡುವುದು—ಇದು ಅಲ್ಲಿಯ ಕ್ರಮ. ಅದು ಅಭಯಾರಣ್ಯದ ನೆಲವಾದುದರಿಂದ, ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನ್ವಯ ೨೦೧೨ರ ಸುಮಾರಿಗೆ ಆ ವಿನೋದವು ನಿಂತಿತು.

ವಿನೋದವು ನಿಂತರೂ ಪುಸ್ತಕಗಳು ಉಳಿದವು. ಗಾಳಿಬೋರೆಯಲ್ಲಿ ೧೯೯೮ರಿಂದ ೨೦೧೨ರ ವರೆಗೆ ಬರೆದಿಟ್ಟ ೨೩ ಸಾವಿರಕ್ಕೂ ಹೆಚ್ಚು ಗಂಟೆಗಳ ಲೆಕ್ಕವನ್ನು ವಿದ್ವಾಂಸರು ಶೋಧಿಸಿ ೨೦೧೫ರಲ್ಲಿ ಪ್ರಕಟಿಸಿದರು. ಒಟ್ಟಿನಲ್ಲಿ ನೋಡಿದರೆ ಮಹಶೀರ್ ಹೆಚ್ಚುತ್ತಲೇ ಇತ್ತು. ಆದರೆ ಹೆಚ್ಚಿದುದು ನೀಲಿ ರೆಕ್ಕೆಯ ಜಾತಿ. ಅದು ೧೯೭೦ರ ದಶಕದಿಂದ ಲೋಣಾವಳದಲ್ಲಿ ಮರಿ ಮಾಡಿಸಿ ನಾಡಿನ ಹಲವು ನೀರುಗಳಿಗೆ ಬಿಡಲ್ಪಟ್ಟದ್ದು. ಕಾವೇರಿಯ ಸ್ವಂತದ್ದಾದ ಗೂನುಬೆನ್ನಿನ ಮೀನು ಕ್ಷೀಣಿಸುತ್ತ ಬಂದಿತ್ತು. ಸಿಕ್ಕುವ ಕೆಲವು ದೊಡ್ಡವು, ಮುದಿಯಾದವು; ಮರಿಗಳು ಅಪರೂಪ. ಮಕ್ಕಳ ಸದ್ದಿಲ್ಲದ, ಮುದುಕರೇ ಉಳಿದ ಊರಿನಂತೆ ಆಗಿತ್ತು ಅದರ ಸ್ಥಿತಿ. ಅಣೆಕಟ್ಟು, ಮರಳು ತೆಗೆಯುವಿಕೆ, ಸಿಡಿಮದ್ದು ಇವೆಲ್ಲವೂ ನದಿಯನ್ನು ಬಾಧಿಸಿವೆ. ಹೊರಗಿನಿಂದ ತಂದುಬಿಟ್ಟ ಮೀನನ್ನೂ ವಿದ್ವಾಂಸರು ಕಾರಣಗಳಲ್ಲಿ ಎಣಿಸಿದ್ದಾರೆ. ಆ ಗೂನುಬೆನ್ನಿನ ಮೀನು ಯಾವ ಜಾತಿಯದೆಂದು ಶಾಸ್ತ್ರರೀತ್ಯಾ ನಿರ್ಣಯವಾದದ್ದು ೨೦೧೮ರಲ್ಲಿ. ಅಳಿವಿನ ಅಂಚಿನಲ್ಲಿದೆಯೆಂದು ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದ್ದೂ ಅದೇ ವರ್ಷ. ಮರಿಗಳನ್ನು ಬಿಟ್ಟವರಲ್ಲಿ ದುರುದ್ದೇಶವಿರಲಿಲ್ಲ. ನದಿ ತುಂಬಲಿ ಎಂಬ ಸದಿಚ್ಛೆಯೇ ಇದ್ದಿತು.

ಇಷ್ಟನ್ನೂ ಆ ತಾಯಿಮಗನಿಗೆ ಹೇಳಿ, ನಮ್ಮ ತೀರ್ಪನ್ನು ಹೀಗೆ ಕೊಟ್ಟೆವು. “ಅಮ್ಮಾ, ಗಾಳದಿಂದ ಮೀನಿಗೆ ನೋವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅದು ಒಂದು ಮೀನಿನ ನೋವು. ನಿಮ್ಮ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಅದರ ಮೈಯೆಲ್ಲ ಎಲುಬಿನ ಕವಚ. ಹಕ್ಕಿಗಳಿಗೂ ನುಂಗಲು ಕಷ್ಟ. ದಡದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಜೋಡಿ ಸಿಕ್ಕಿ ಸಂತತಿ ಬೆಳೆಯಿತೆಂದರೆ ಕೆರೆಯಿಂದ ಮತ್ತೆ ತೆಗೆಯುವವರಾರು? ಅದನ್ನು ಕೊಂಡ ಅಂಗಡಿಗೇ ಹಿಂದಿರುಗಿಸಿ. ಇವನು ಅನುಮತಿಯ ಚೀಟಿ ಪಡೆದು ಹೋಗಿಬರಲಿ. ಆದರೆ ಒಂದು ಪುಸ್ತಕವನ್ನು ಕೊಂಡೊಯ್ಯಲಿ.”

ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಮೀನು ಹಿಡಿಯುವುದು ನನಗೆ ಇನ್ನೂ ಒಪ್ಪಿಗೆಯಿಲ್ಲ, ಮೇಷ್ಟ್ರೇ, ಬಿಂದಿಗೆಯ ವಿಷಯ ಒಪ್ಪಿದೆ” ಎಂದರು. ನ್ಯಾಯವಾದ ಮಾತೇ.

ಹುಡುಗ ಹಿಂದಿರುಗಿ ಬಂದು, ನಾಚುತ್ತ ಪುಸ್ತಕವನ್ನು ನಮ್ಮ ಕೈಗಿತ್ತ. ಮೂರು ದಿನ, ಹನ್ನೊಂದು ಗಂಟೆ, ದಡದಿಂದ, ಮೀನು: ಇಲ್ಲ. “ಇದನ್ನು ಬರೆದು ಏನು ಪ್ರಯೋಜನ, ತಾತ?” ಎಂದ. ಗಾಳಿಬೋರೆಯ ಪುಸ್ತಕದಲ್ಲಿ ಬರಿಗೈಯ ಗಂಟೆಗಳನ್ನು ಬರೆಯದೆ ಬಿಟ್ಟಿದ್ದರೆ, ಎಷ್ಟು ಹೊತ್ತಿಗೆ ಎಷ್ಟು ಮೀನು ಎಂಬ ಲೆಕ್ಕವೇ ಹುಟ್ಟುತ್ತಿರಲಿಲ್ಲ. ಆ ಮೀನು ಕಡಮೆಯಾಯಿತೆಂದು ಇಂದಿಗೂ ಯಾರಿಗೂ ತಿಳಿಯುತ್ತಿರಲಿಲ್ಲ. ಇದನ್ನು ಅವನಿಗೆ ವಿವರಿಸಿ, ಹಳೆಯ ಅಭ್ಯಾಸದಂತೆ ಹಾಳೆಯ ಕೆಳಗೆ ‘ಸರಿ’ ಎಂದು ಗುರುತು ಹಾಕಿ ಹಿಂದಕ್ಕೆ ಕೊಟ್ಟೆವು.