ಹೊನ್ನಾರು ಹೊಡೆದಾಯಿತು, ಇನ್ನು ಕಾಯೋಣ

ಯುಗಾದಿ ದಿನ ಎತ್ತಿನ ಮೈ ತೊಳೆದು, ಕೊಂಬಿಗೆ ಅರಿಶಿನ ಹಚ್ಚಿ, ಹೊಲದಲ್ಲಿ ಮೂರು ಸುತ್ತು ಹೊನ್ನಾರು ಹೊಡೆದು ಬರುತ್ತೇವೆ. ಆಮೇಲೆ ಗುಡಿ ಮುಂದೆ ಪಂಚಾಂಗ ಓದುವಾಗ ಎಲ್ಲರದೂ ಒಂದೇ ಪ್ರಶ್ನೆ: ಈ ವರ್ಷ ಮಳೆ ಎಷ್ಟು ಕೊಳಗ? ನನ್ನ ಮಗ ಅಲ್ಲೇ ನಿಂತು ಮೊಬೈಲಿನಲ್ಲಿ ಅದನ್ನೇ ಹುಡುಕುತ್ತಾನೆ. ಎರಡನ್ನೂ ನಾನು ಬಯ್ಯುವುದಿಲ್ಲ. ಆದರೆ ಹೊಸ ವರ್ಷ ಬಾಗಿಲಿಗೆ ಬಂದ ಕೂಡಲೇ ಏನು ತಂದೆ ಅಂತ ಕೇಳುವ ಅವಸರ ನಮಗೆ ಒಳ್ಳೆಯದಲ್ಲ.

ಇದನ್ನು ನಾನು ದುಡ್ಡು ಕಳೆದು ಕಲಿತೆ. ನಮ್ಮದು ಶಿರಾ ಸೀಮೆ. ಎರಡು ಎಕರೆ ಕೆಂಪು ಮಣ್ಣು, ಬೋರ್‌ವೆಲ್ ಇಲ್ಲ. 2023ರಲ್ಲಿ ರೋಹಿಣಿ ಮಳೆ ಒಂದು ರಾತ್ರಿ ಬಂತು. ಬೆಳಿಗ್ಗೆ ಪಕ್ಕದ ಹೊಲದಲ್ಲಿ ಕೂರಿಗೆ ಹೂಡಿದ್ದು ಕಂಡದ್ದೇ ತಡ, ನನ್ನ ಕಾಲು ನಿಲ್ಲಲಿಲ್ಲ. "ಒಂದು ಗೇಣು ಬಗೆದು ನೋಡಿ, ಕೆಳಗೆ ಒಣಗೇ ಇದೆ" ಅಂದಳು ನಮ್ಮ ಮನೆಯಾಕೆ. ಕೇಳಲಿಲ್ಲ. ಸಾಲ ಮಾಡಿ ತಂದ ಒಂದು ಕ್ವಿಂಟಾಲ್ ಕಡ್ಲೆಬೀಜ ಮಣ್ಣಿಗೆ ಹಾಕಿದೆ. ಆಮೇಲೆ ಬರೀ ಬಿಸಿಲು. ಅಲ್ಲೊಂದು ಇಲ್ಲೊಂದು ಹುಟ್ಟಿದ್ದೂ ಸುಟ್ಟು ಹೋಯಿತು. ಜುಲೈಯಲ್ಲಿ ಹದವಾದ ಮಳೆ ಬಂದಾಗ ಕೈಯಲ್ಲಿ ಬೀಜವೂ ಇಲ್ಲ, ಕಾಸೂ ಇಲ್ಲ.

ಕಾದಿದ್ದ ನಮ್ಮ ದೊಡ್ಡಪ್ಪನ ಮಗ ಅಣ್ಣ ಆಗ ಬಿತ್ತಿದ. ಆಗಸ್ಟ್‌ನಲ್ಲಿ ಮಳೆ ಮತ್ತೆ ಕೈ ಕೊಟ್ಟಿತು. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರದ ಪಟ್ಟಿಗೆ ಸೇರಿದವು. ಅವನಿಗೂ ಕಾಯಿ ಸರಿಯಾಗಿ ಕಟ್ಟಲಿಲ್ಲ. ಆದರೆ ದನಕ್ಕೆ ಬಳ್ಳಿಯಾದರೂ ಸಿಕ್ಕಿತು. ನಾನು ಒಂದು ಎತ್ತು ಮಾರಿದೆ.

ಕಾಯುವುದು ಅಂದರೆ ಅರಳಿಕಟ್ಟೆ ಮೇಲೆ ಮಲಗುವುದಲ್ಲ. ಅಶ್ವಿನಿ, ಭರಣಿ ಮಳೆ ಬಿದ್ದಾಗ ಹೊಲಕ್ಕೆ ಹೋಗಿ, ನೀರು ಎಲ್ಲಿ ಬದು ಒಡೆದುಕೊಂಡು ಹೋಗುತ್ತೆ ಅಂತ ನಿಂತು ನೋಡುತ್ತೇನೆ. ನೂರು ಬೀಜ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸುತ್ತೇನೆ. ಬಿತ್ತನೆ ಮಳೆ ಬಂದರೆ ಮಾರನೇ ದಿನ ಗೇಣುದ್ದ ಬಗೆದು, ತಳದ ಮಣ್ಣು ಮುಷ್ಟಿಯಲ್ಲಿ ಹಿಡಿಯುವುದು. ಉಂಡೆ ನಿಂತರೆ ಹದ. ಉದುರಿದರೆ ಕೂರಿಗೆ ಅಟ್ಟದಲ್ಲೇ ಇರಲಿ, ಊರೆಲ್ಲ ಬಿತ್ತಿದರೂ ಸೈ.

ತಡವಾದರೆ ಇಳುವರಿ ಕಮ್ಮಿ ಅನ್ನುತ್ತಾರೆ. ನಿಜ. ತೀರಾ ತಡವಾದರೆ ಹುರುಳಿ ಚೆಲ್ಲುತ್ತೇನೆ. ಬೀಜ ಮನೆಯಲ್ಲಿದ್ದರೆ ತಾನೆ ಬೇಗ, ತಡ ಅನ್ನುವ ಮಾತು? ನೀವೇ ಹೇಳಿ.

ಜೋಡಿ ಎತ್ತು ಕೂಡಿಸಲು ನನಗಿನ್ನೂ ಆಗಿಲ್ಲ. ಈ ಯುಗಾದಿಗೂ ಅಣ್ಣನ ಎತ್ತನ್ನು ಮುಯ್ಯಿಗೆ ಕಟ್ಟಿಯೇ ಹೊನ್ನಾರು ಹೊಡೆದೆ. ವರ್ಷದ ತೊಡಕಿನ ಊಟ ಮುಗಿಸಿ ಸಂಜೆ ಇಬ್ಬರೂ ಹೊಲದ ಕಡೆ ಹೋದೆವು. ಮೂಡಲ ಬದುವಿನಲ್ಲಿ ನಾಲ್ಕು ಕಲ್ಲು ಜಾರಿದ್ದವು, ಎತ್ತಿಟ್ಟು ಬಂದೆವು.